ರೋಮ್‌ಗೆ ಒಯ್ದ ಕುಕ್ಕರ್

ನಂಜಪ್ಪ, ಅವನ ಹೆಂಡತಿ ಶೋಭಾರಾಣಿ ರೋಮ್ ನೋಡಿಕೊಂಡು ಬಂದ ಮೇಲೆ ಮಹದೇವಪುರದ ಹಳೇ ಊರಿನಲ್ಲಿ ನಂಜಪ್ಪನಿಗೆ ಹೊಸದೊಂದು ಗೌರವ ಹುಟ್ಟಿಕೊಂಡಿತ್ತು. ಬಾಡಿಗೆಗೆ ಮನೆ ಇದೆಯಾ ಎಂದು ಕೇಳಿಕೊಂಡು ಬರುತ್ತಿದ್ದವರ ಜೊತೆಗೆ ಈಗ ಯೂರೋಪಿನ ಸಮಾಚಾರ ಕೇಳುವವರೂ ಬರತೊಡಗಿದ್ದರು. ಎಲ್ಲಕ್ಕೂ ಅವನಲ್ಲಿ ಉತ್ತರವಿತ್ತು. ಕಾಫಿ ತಂದಿಡುವಾಗ ಶೋಭಾರಾಣಿ ಅದನ್ನೆಲ್ಲ ಕೇಳಿಸಿಕೊಂಡು, ತುಟಿ ಬಿಗಿಹಿಡಿದು ಒಳಗೆ ಹೋಗುತ್ತಿದ್ದಳು.

ಆ ಭಾನುವಾರ ಬಂದವನು ನಂಜಪ್ಪನ ಚಿಕ್ಕಪ್ಪನ ಮಗ ದೀಪು. ಜೊತೆಗೆ ಅವನ ಹೆಂಡತಿ ಶಿವಗಂಗಾ, ಬಾಗಲಕೋಟೆ ಕಡೆಯವಳು. ಒಂದೇ ಆಫೀಸಿನಲ್ಲಿದ್ದು ಮೆಚ್ಚಿ ಮದುವೆಯಾಗಿ ಬ್ರೂಕ್‌ಫೀಲ್ಡಿನಲ್ಲಿ ಮನೆ ಮಾಡಿದ್ದರು. ಅವರೂ ರೋಮ್‌ಗೆ ಟಿಕೆಟ್ ಮಾಡಿಸಿದ್ದರು.

ಕೊಲೋಸಿಯಂಗೆ ಬೆಳಿಗ್ಗೆಯೇ ಹೋಗಬೇಕು, ಬಸ್ಸಿನಲ್ಲಿ ಜೇಬಿನ ಮೇಲೆ ಕೈ ಇರಬೇಕು, ತೋಳಿಲ್ಲದ ಬಟ್ಟೆ ಹಾಕಿದರೆ ಚರ್ಚಿನೊಳಗೆ ಬಿಡುವುದಿಲ್ಲ ಎಂದೆಲ್ಲ ನಂಜಪ್ಪ ಹೇಳಿದ. ಅಲ್ಲಿಯವರೆಗೆ ಎಲ್ಲ ಸರಿಯೇ ಇತ್ತು. ಆಮೇಲೆ ಊಟದ ಮಾತು ಬಂತು.

“ಅಲ್ಲಿ ಓಟ್ಲು ಸಾವಾಸನೇ ಬ್ಯಾಡ ಕಣೋ. ಒಂದು ಕರೆಂಟ್ ಕುಕ್ಕರ್ ಎತ್ಕೊಂಡೋಗು. ಅಕ್ಕಿ, ಬೇಳೆ, ಸಾರಿನ ಪುಡಿ, ಅಷ್ಟೇ. ರೂಮಲ್ಲೇ ಬಿಸಿಬಿಸಿ ಆಗೋಯ್ತದೆ. ನಮಗೇನೂ ಕಷ್ಟ ಆಗ್ಲಿಲ್ಲ.”

ಶೋಭಾರಾಣಿ ಒಳಗೆ ಹೋಗಲಿಲ್ಲ. ಟ್ರೇ ಕೆಳಗಿಟ್ಟು ಗಂಡನ ಎದುರಿಗೇ ಕುಳಿತಳು.

“ಬೇಯಿಸಿದ್ದು ಯಾರು ಅಂತಲೂ ಹೇಳ್ರೀ,” ಎಂದಳು.

ನಂಜಪ್ಪ ನಕ್ಕು ಮಾತು ಹಾರಿಸಲು ನೋಡಿದ. ಅವಳು ಬಿಡಲಿಲ್ಲ. ಬಚ್ಚಲಿನ ಬೇಸಿನ್ನಿನಲ್ಲಿ ಅಕ್ಕಿ ತೊಳೆದದ್ದು, ಕಮೋಡಿನ ಮುಚ್ಚಳದ ಮೇಲೆ ಪೇಪರ್ ಹಾಸಿ ಈರುಳ್ಳಿ ಹೆಚ್ಚಿದ್ದು, ಜನರೆಲ್ಲ ಬೀದಿಯಲ್ಲಿ ಕುಳಿತು ಉಣ್ಣುವ ಹೊತ್ತಿಗೆ ಇವನಿಗೆ ಹಸಿವಾಯಿತೆಂದು ತಾನು ರೂಮಿಗೆ ಓಡಿಬಂದದ್ದು, ಒಂದೊಂದನ್ನೂ ಹೇಳಿದಳು. ಒಂದು ಸಂಜೆ ಒಗ್ಗರಣೆಯ ಹೊಗೆಗೆ ಹೋಟೆಲಿನ ಅಲಾರಂ ಹೊಡೆದುಕೊಂಡಿತ್ತು. ಉಳಿದುಕೊಂಡಿದ್ದವರೆಲ್ಲ ಬೀದಿಗಿಳಿದಿದ್ದರು. ಮ್ಯಾನೇಜರ್ ಬಂದು ಯಾರ ರೂಮೆಂದು ಕೇಳಿದಾಗ ನಂಜಪ್ಪ ಅವಳ ಭುಜ ಹಿಡಿದು ಮುಂದೆ ತಳ್ಳಿದ್ದ. ಹಳ್ಳಿ ಹೆಂಗಸು, ಏನೂ ತಿಳಿಯದು, ನಾನು ಬೇಡವೆಂದರೂ ಕೇಳಲಿಲ್ಲ ಎಂದು ತನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದ್ದ.

“ನಾನು ಬಿಕಾಂ ಓದಿದೋಳು. ಇವರ ವೀಸಾ ಅರ್ಜಿನೂ ನಾನೇ ತುಂಬಿದ್ದು. ಅಷ್ಟು ಜನದ ಮುಂದೆ ತಲೆ ತಗ್ಗಿಸ್ಕೊಂಡು ನಿಂತಿದ್ದೆ.”

“ಮನೆ ಮಾತು ಬೀದಿಗ್ಯಾಕೆ ತರ್ತೀಯ?” ಎಂದ ನಂಜಪ್ಪ.

“ಬೀದೀಲಿ ನಿಲ್ಲಿಸಿದ್ದು ನೀವು.”

ದೀಪು ಕಾಫಿ ಲೋಟ ನೋಡುತ್ತಾ ಕುಳಿತ. ಕೊನೆಗೆ ಶಿವಗಂಗಾ ಮೆಲ್ಲಗೆ ಕೇಳಿದಳು: “ಹಂಗಾರ ನೀವು ಹೊರಗ ಏನೂ ತಿನ್ನಲೇ ಇಲ್ಲೇನ್ರಿ, ಅಕ್ಕಾರ?”

ಒಂದೇ ಒಂದು ಸಲ ತಿಂದಿದ್ದಳು. ಆ ಸಂಜೆಯೇ, ಗಂಡನನ್ನು ಮ್ಯಾನೇಜರ್ ಜೊತೆ ಬಿಟ್ಟು ಒಬ್ಬಳೇ ನಡೆದು, ನದಿಯ ಸೇತುವೆ ದಾಟಿ, ಒಂದು ಗಲ್ಲಿಯಲ್ಲಿ ಕುಳಿತಿದ್ದಳು. ಉದ್ದನೆಯ ಶಾವಿಗೆಯಂಥದ್ದಕ್ಕೆ ಚೀಸು, ಮೆಣಸಿನ ಪುಡಿ ಕಲಸಿ ಕೊಟ್ಟಿದ್ದರು. ಉಂಡ ತಟ್ಟೆಯನ್ನು ಬೇರೊಬ್ಬರು ಎತ್ತಿಕೊಂಡು ಹೋದರು. ಹಿಂತಿರುಗಿದಾಗ ನಂಜಪ್ಪ ಕ್ಷಮೆ ಕೇಳಲಿಲ್ಲ. ನನಗೇನೂ ಕಟ್ಟಿಸಿಕೊಂಡು ಬರಲಿಲ್ಲವಾ ಎಂದು ಕೇಳಿದ.

ಬಾಗಿಲಲ್ಲಿ ನಿಂತು ಕರೆಯುವ ಹೋಟೆಲಿಗೆ ಹೋಗಬೇಡ, ನದಿಯಾಚೆ ಹೋಗು, ಏಳೂವರೆಗಿಂತ ಮುಂಚೆ ರಾತ್ರಿ ಊಟ ಸಿಗದು, ಕೇಳಬೇಡ ಎಂದು ಶೋಭಾರಾಣಿ ಅವಳಿಗೆ ಹೇಳಿಕೊಟ್ಟಳು.

ದೀಪು ಏಳುತ್ತಾ, ಆಪತ್ತಿಗಿರಲಿ ಎಂದು ಸಣ್ಣದೊಂದು ಕುಕ್ಕರ್ ಒಯ್ಯೋಣವೇ ಎಂದ.

“ಒಯ್ಯೂದಾದ್ರ ನೀನ ಬೇಯಿಸಬೇಕ ನೋಡು,” ಎಂದಳು ಶಿವಗಂಗಾ. ಅವನು ಮತ್ತೆ ಆ ಮಾತೆತ್ತಲಿಲ್ಲ.

ಅವರು ಹೋದ ಮೇಲೆ ನಂಜಪ್ಪ ಸಂಜೆಯವರೆಗೂ ಮುಖ ಊದಿಸಿಕೊಂಡಿದ್ದ. ಆಮೇಲೆ ಊಟಕ್ಕೇನು ಎಂದು ಕೇಳಿದ. ಶೋಭಾರಾಣಿ ಕುಳಿತಲ್ಲಿಂದ ಏಳಲಿಲ್ಲ. ಅವನು ಅಡುಗೆಮನೆ ಬಾಗಿಲಲ್ಲಿ ನಿಂತು ಒಲೆ ನೋಡಿದ, ಚಪ್ಪಲಿ ಮೆಟ್ಟಿಕೊಂಡು ಹೋಗಿ ಇಡ್ಲಿ ಕಟ್ಟಿಸಿಕೊಂಡು ಬಂದ. ಅವಳ ಪಾಲಿನದನ್ನು ಅವಳು ಮುಟ್ಟಲಿಲ್ಲ. ಇಷ್ಟು ದಿನ ನುಂಗಿಕೊಂಡದ್ದು ಒಂದು ಪೊಟ್ಟಣ ಇಡ್ಲಿಗೆ ಇಳಿಯುವಂಥದ್ದಾಗಿರಲಿಲ್ಲ.

ಮರುವಾರ ಪಕ್ಕದ ಬೀದಿಯವರು ಯೂರೋಪಿನ ವಿಚಾರ ಕೇಳಲು ಬಂದರು. ನಂಜಪ್ಪ ಕೊಲೋಸಿಯಂ, ಬಸ್ಸು, ಚರ್ಚು ಎಲ್ಲ ಹೇಳಿದ. ಊಟಕ್ಕೇನು ಮಾಡಿದಿರಿ ಎಂದು ಕೇಳಿದಾಗ ಅಡುಗೆಮನೆಯ ಕಡೆ ನೋಡಿ ಸುಮ್ಮನಾದ. ಶೋಭಾರಾಣಿ ಅವನ ನೆರವಿಗೆ ಬರಲಿಲ್ಲ.