ಅಪ್ಪ ಹೊದಿಸಿದ ಸೂರು

ನಾನು ಹೇಡಿ. ಇದನ್ನು ಮೊದಲೇ ಹೇಳಿಬಿಡ್ತೀನಿ, ಇಲ್ಲದಿದ್ದರೆ ನಡುವೆ ಏನಾದರೂ ನೆಪ ಹುಡುಕಿಕೊಳ್ತೀನಿ. ನಲವತ್ತು ವರ್ಷ ಮನೆಗಳ ಸೂರಿಗೆ ಸ್ಲೇಟು ಕಲ್ಲು ಹೊದಿಸಿದವನು; ವಾಟಿ ಗೀಕಿ ಅನ್ನೋ ನನ್ನ ಹೆಸರು ಸ್ಕಾಟ್ಲೆಂಡಿನ ಪರ್ತ್ ಪಟ್ಟಣದ ತನಕ ಗೊತ್ತಿತ್ತು. ಕೊನೆಯ ವರ್ಷ ಚರ್ಚಿನ ಸೂರಿಂದ ಜಾರಿ, ಅಂಚಿನಲ್ಲಿ ಮಳೆನೀರು ಹರಿಯೋ ದೋಣಿ ಹಿಡಿದು ನೇತಾಡಿದೆ. ಹೇಗೋ ಇಳಿಸಿದರು. ಅವತ್ತಿನಿಂದ ಏಣಿ ಮುಟ್ಟಿದರೆ ಕಾಲು ನಡುಗುತ್ತೆ. ಊರಿಗೆ ಮಾತ್ರ ಮಂಡಿನೋವು ಅಂತ ಹೇಳಿದೆ.

ನಮ್ಮದು ಒಂದೇ ಸೂರಿನಡಿ ನಾಲ್ಕು ಮನೆ, ಕೆಳಗೆರಡು, ಮೇಲೆರಡು. ಮೊದಲ ಮಹಾಯುದ್ಧ ಮುಗಿದ ಮೇಲೆ ಕೌನ್ಸಿಲ್‌ನವರು, ಅಂದರೆ ಊರಿನ ಪುರಸಭೆಯವರು, ಬಾಡಿಗೆಗೆ ಅಂತ ಕಟ್ಟಿಸಿದ್ದು. ಅಂಚಿನಲ್ಲಿ ದೊಡ್ಡ ಸ್ಲೇಟು, ಮೇಲೆ ಹೋದ ಹಾಗೆ ಚಿಕ್ಕದು, ನೆತ್ತಿಯಲ್ಲಿ ಅಂಗೈಯಷ್ಟು. ಹಾಗೆ ಹೊದಿಸಿದವನು ನಮ್ಮಪ್ಪ. ಕೆಳಗಿನ ಒಂದು ಮನೆ ನಾನು ಕೊಂಡುಕೊಂಡೆ. ನನ್ನ ತಲೆ ಮೇಲಿನ ಮನೆಯ ಎಫಿ ಇವತ್ತಿಗೂ ಕೌನ್ಸಿಲ್‌ನ ಬಾಡಿಗೆದಾರಳು. ಗಂಡ ಸತ್ತ ಮೇಲೆ ಒಬ್ಬಳೇ.

ಎರಡು ವರ್ಷದ ಹಿಂದೆ ಎಫಿ ಮಲಗೋ ಕೋಣೆ ಸೋರೋಕೆ ಶುರುವಾಯಿತು. ಇಡೀ ಸೂರು ಬಿಚ್ಚಿ ಹೊಸ ಮೊಳೆ ಹೊಡೀತೀವಿ, ಮನೆ ಕೊಂಡವರ ಸಹಿ ಬೇಕು ಅಂತ ಕೌನ್ಸಿಲ್‌ನವರು ಅಂದರು. ಕೊಂಡವನು ನಾನೊಬ್ಬನೇ. ಮಂಡಿ ನೋವಿದ್ದರೂ ನೀನೇ ಒಂದ್ಸಲ ಹತ್ತಿ ನೋಡು ಅಂತ ಎಫಿ ಕೇಳಿದಳು. ಕೆಟ್ಟಿದೆ ಅಂದರೆ, ಕೌನ್ಸಿಲ್‌ನವರು ಕೆಲಸ ಶುರುಮಾಡೋ ತನಕ ನೀನೇ ನಾಲ್ಕು ಸ್ಲೇಟು ಸರಿಮಾಡು ಅನ್ನೋರು. ಅದಕ್ಕೇ, ಹತ್ತಿ ನೋಡಿದೆ ಅಂದೆ; ಸೂರು ಕಲ್ಲಿನಂಗಿದೆ, ನಿನ್ನ ಕಿಟಕಿ ಸಂದಿಯಿಂದ ನೀರು ಬರ್ತಿರೋದು ಅಂದೆ. ಅಪ್ಪನ ಕೆಲಸಕ್ಕೆ ಯಾರೂ ಕೈ ಹಾಕಕೂಡದು ಅಂತ ಎದೆ ಬೇರೆ ಉಬ್ಬಿಸಿದೆ. ಸಹಿ ಹಾಕಲಿಲ್ಲ. ಥೂ ನನ್ನ ಜನ್ಮಕ್ಕೆ.

ಎರಡು ಚಳಿಗಾಲ ಕಳೀತು. ಮೇಲೆ ಬಕೆಟ್ಟಿಗೆ ನೀರು ತೊಟ್ಟಿಕ್ಕೋದು, ಎಫಿ ಕೆಮ್ಮೋದು ನನಗೆ ಕೇಳಿಸ್ತಿತ್ತು. ರೇಡಿಯೋ ಜೋರು ಮಾಡ್ಕೊಳ್ತಿದ್ದೆ.

ಈ ಏಪ್ರಿಲ್‌ನಲ್ಲಿ ಎಡಿನ್‌ಬರೋದಿಂದ ಮಿಸ್ ಕಾರ್ಸ್‌ವೆಲ್ ಅನ್ನೋ ಹುಡುಗಿ ಬಂದಳು. ಸ್ಕಾಟ್ಲೆಂಡಿನ ಹಳೇ ಕೌನ್ಸಿಲ್ ಮನೆಗಳಲ್ಲಿ ಉಳಿಸಬೇಕಾದ್ದನ್ನು ಪಟ್ಟಿ ಮಾಡೋದು ಅವಳ ಕೆಲಸ. ಬೀದಿಯಲ್ಲೆಲ್ಲ ಹೊಸ ಹೆಂಚು ಬಂದಿದೆ, ಹಳೇ ಸೂರು ಉಳಿದಿರೋದು ಇದೊಂದೇ, ಉಳಿಸಿದವರು ನೀವಂತೆ ಅಂತ ನನ್ನ ಕೈ ಕುಲುಕಿದಳು. ನಾನು ಹಲ್ಲು ಕಿರಿದೆ.

ಅಟ್ಟಕ್ಕೆ ದಾರಿ ಎಫಿ ಮನೆಯಿಂದ. ಮೂವರೂ ಅಲ್ಲಿ ಸೇರಿದೆವು. ಎಫಿಯ ಹಾಸಿಗೆ ಅಡುಗೆಮನೆ ಮೂಲೆಗೆ ಬಂದಿತ್ತು. ಯಾವಾಗ ಬಂತೋ, ನಾನು ಕೇಳಿದವನೇ ಅಲ್ಲ. ಹುಡುಗಿ ಸಣ್ಣ ಏಣಿ ಹತ್ತಿ ಟಾರ್ಚ್ ಬಿಟ್ಟಳು. ಮೊಳೆಗಳೆಲ್ಲ ತುಕ್ಕು ಹಿಡಿದು ಪುಡಿಯಾಗಿವೆ, ಬಂದು ನೋಡಿ ಅಂತ ಕರೆದಳು. ಏಣಿ ಹಿಡಿದೆ. ಕಾಲು ಮೇಲೇಳಲಿಲ್ಲ. ಎರಡು ವರ್ಷದ ಹಿಂದೆ ನೀವು ಹತ್ತಿ ನೋಡಿದ್ದಿರಂತೆ, ಆಗ ಹೇಗಿತ್ತು ಅಂತ ಅವಳು ಮೇಲಿಂದಲೇ ಕೇಳಿದಳು.

"ನಾನು ಹತ್ತಲೇ ಇಲ್ಲ, ಎಫಿ," ಅಂದೆ. "ಸುಳ್ಳು ಹೇಳ್ದೆ. ಹತ್ತೋಕೆ ಭಯ ನಂಗೆ."

ಎಫಿ ಕಪ್ಪಿಗೆ ಹಾಲು ಬಗ್ಗಿಸ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಗೊತ್ತು ಮಾರಾಯ. ಅವತ್ತು ಹಿತ್ತಿಲಲ್ಲಿ ಬಟ್ಟೆ ಒಣಹಾಕ್ತಿದ್ದೆ. ನೀನು ಮೂರು ಮೆಟ್ಲು ಹತ್ತಿ, ಏಣಿ ತಬ್ಕೊಂಡು ಅಳ್ತಾ ನಿಂತಿದ್ದೆ. ನಿನಗೆ ಕಾಣಬಾರದು ಅಂತ ನಾನೇ ಬೆಡ್‌ಶೀಟಿನ ಹಿಂದೆ ಸರ್ಕೊಂಡೆ."

"ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ?"

"ಊರೆದುರು ನಿನ್ನ ಮಾನ ತೆಗೀಬೇಕಿತ್ತಾ? ನೀನೇ ಬಂದು ಹೇಳ್ತೀಯ ಅಂತ ಕಾದೆ. ಇಷ್ಟು ದಿನ ತಗೊಳ್ತೀಯ ಅಂದ್ಕೊಂಡಿರ್ಲಿಲ್ಲ."

ಬೈದಿದ್ದರೆ ತಡ್ಕೊಳ್ತಿದ್ದೆ. ಅವಳು ಟೀ ಕೊಟ್ಟಳು.

ಆ ವಾರವೇ ಸಹಿ ಹಾಕಿದೆ. ಮುಂದಿನ ತಿಂಗಳು ಕೆಲಸದವರು ಬಂದರು. ಅಪ್ಪನ ಸ್ಲೇಟುಗಳನ್ನೇ ಹೊಸ ಮೊಳೆ ಹೊಡೆದು ಮತ್ತೆ ಕೂರಿಸ್ತಾರಂತೆ. ನಿಮ್ಮಪ್ಪನ ಕೈಕೆಲಸ ಅಲ್ವಾ, ನೀವೂ ಮೇಲೆ ಬನ್ನಿ ಅಂತ ಮೇಸ್ತ್ರಿ ಕರೆದ. ಬೀದಿಯವರೆಲ್ಲ ನೋಡ್ತಾ ನಿಂತಿದ್ದರು. ಭಯ ಕಣಪ್ಪ, ನನ್ನ ಕೈಲಾಗಲ್ಲ ಅಂದೆ, ಎಲ್ಲರಿಗೂ ಕೇಳೋ ಹಾಗೆ. ಯಾರೂ ನಗಲಿಲ್ಲ. ಇಷ್ಟು ಮಾತು ಆಡಲಾರದೆ ಎರಡು ಚಳಿಗಾಲ ಎಫಿಯನ್ನು ಸೋರೋ ಸೂರಿನಡಿ ನೆನೆಯೋಕೆ ಬಿಟ್ಟಿದ್ದೆ.