ಕೈಯಷ್ಟೇ ಸಾಕಂತೆ

ನನ್ನ ಬಾಯಿ ಬೇಡವಂತೆ, ಕೈಯಷ್ಟೇ ಸಾಕಂತೆ. ನಗುನಗುತ್ತಲೇ ಇದನ್ನು ನನ್ನ ಮುಖಕ್ಕೆ ಹೇಳಿದ ಹೆಂಗಸು, ಎರಡು ವಾರದ ಹಿಂದೆ ಫೋನಿನಲ್ಲಿ ‘ನಿಮ್ಮ ಅನುಭವವೇ ನಮ್ಮ ಮಕ್ಕಳಿಗೆ ಪಾಠ’ ಎಂದು ನನ್ನನ್ನು ಹೊಗಳಿ ಅಟ್ಟಕ್ಕೇರಿಸಿದವಳು. ಅಟ್ಟದ ಮೇಲೆ ಕೂರಿಸಿ ಏಣಿ ತೆಗೆಯುವುದರಲ್ಲಿ ಈ ಜನ ಎತ್ತಿದ ಕೈ.

ನಾನು ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಇದ್ದೇನೆ. ನೆಲಮಾಳಿಗೆಯ ಕೋಣೆ, ಕಿಟಕಿಯಿಲ್ಲ, ನಾಲ್ಕು ದೊಡ್ಡ ಯಂತ್ರ. ಮೇಲಿನ ಇನ್ನೂರು ಕೋಣೆಗಳ ಹಾಸು, ಟವೆಲು, ದಿಂಬಿನ ಚೀಲ ಎಲ್ಲವೂ ಗೋಡೆಯೊಳಗಿನ ಒಂದು ಅಗಲವಾದ ಕೊಳವೆಯಲ್ಲಿ ಜಾರಿಕೊಂಡು ಬಂದು ನನ್ನ ಕಾಲ ಬಳಿ ಬೀಳುತ್ತವೆ. ಕಾಫಿಯೋ, ಲಿಪ್‌ಸ್ಟಿಕ್ಕೋ, ಬೂಟ್ ಪಾಲಿಶೋ, ಯಾವ ಕಲೆ ಎಷ್ಟು ಹೊತ್ತಿನದು ಎಂದು ನೋಡಿದ ಕೂಡಲೇ ಹೇಳಬಲ್ಲೆ. ಈಗ ಅಲ್ಲಿ ಮುಖ್ಯಸ್ಥೆ ನಾನೇ. ಕೆಲಸದ ಹುಡುಗಿಯರು ನನ್ನೆದುರಿಗೆ ‘ಅಕ್ಕ’ ಅನ್ನುತ್ತಾರೆ, ಬೆನ್ನ ಹಿಂದೆ ‘ಸೋಪಮ್ಮ’ ಅನ್ನುತ್ತಾರೆ.

ನನ್ನ ತಂಗಿಯ ಮಗಳು ಕೆಲಸ ಮಾಡುವ ಸಂಸ್ಥೆ ಪ್ರತಿ ಶನಿವಾರ ಶಾಲಾಮಕ್ಕಳಿಗೆ ಆನ್‌ಲೈನ್ ಮಾತುಕತೆ ನಡೆಸುತ್ತದೆ. ಪ್ರವಾಸ, ಬೇರೆ ಜನರ ಸಂಸ್ಕೃತಿ, ಬದುಕಿಗೆ ಬೇಕಾದ ಸಣ್ಣಪುಟ್ಟ ಕೌಶಲ, ಹೀಗೆ ವಾರಕ್ಕೊಂದು ವಿಷಯ. ಕ್ಯಾಮೆರಾ ನೋಡಿಕೊಳ್ಳುವವಳು ನಮ್ಮ ಹುಡುಗಿಯೇ. ‘ಪ್ರವಾಸದಲ್ಲಿ ನಿಮ್ಮ ಬಟ್ಟೆ’ ಎಂಬ ವಿಷಯ ಬಂದಾಗ ಅವಳು ನನ್ನ ಹೆಸರು ಹೇಳಿದ್ದಳು. ಭಾಷಣವೆಂದರೆ ನನಗೆ ಮೈ ನಡುಕ, ಆದರೂ ಒಪ್ಪಿಕೊಂಡೆ. ಅದಕ್ಕೆ ಕಾರಣ ಒಬ್ಬಳು ಹುಡುಗಿ.

ಹೋದ ವರ್ಷ ಒಂದು ಶಾಲೆಯ ನಲವತ್ತು ಮಕ್ಕಳು ಪ್ರವಾಸಕ್ಕೆಂದು ಬಂದು ನಮ್ಮ ಹೋಟೆಲಿನಲ್ಲಿ ಇಳಿದಿದ್ದರು. ಎರಡನೆಯ ದಿನ ಬೆಳಿಗ್ಗೆ ಒಂದು ಕೋಣೆಯ ಹಾಸು ಕಾಣೆ. ಮ್ಯಾನೇಜರು ಮತ್ತು ಮೇಷ್ಟ್ರು ಸೇರಿ ಲಾಬಿಯ ನಟ್ಟನಡುವೆ, ಎಲ್ಲಾ ಮಕ್ಕಳೆದುರು, ಆ ಹುಡುಗಿಯ ಪೆಟ್ಟಿಗೆ ತೆರೆಸಿದರು. ಹಾಸು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಒದ್ದೆಯಾಗಿ ಕೂತಿತ್ತು. “ಹೋಟೆಲಿನ ಸಾಮಾನು ಕದೀತೀಯಾ?” ಎಂದರು ಮೇಷ್ಟ್ರು. ಅವಳು ಸಾರಿ ಸರ್, ಸಾರಿ ಸರ್ ಎಂದು ಐದು ಸಲ ಹೇಳಿದಳು. ಹಾಸು ಒಯ್ಯಲು ನನ್ನನ್ನು ಮೇಲಕ್ಕೆ ಕರೆಸಿದ್ದರು. ಬಿಡಿಸಿ ನೋಡಿದೆ. ನಡುವೆ ಅಂಗೈಯಗಲದ ಕಂದು ಕಲೆ. ಪಾಪದ ಹುಡುಗಿ, ನಲ್ಲಿಯ ಬಿಸಿನೀರಿನಲ್ಲಿ ಉಜ್ಜಿ ಉಜ್ಜಿ ಆ ರಕ್ತವನ್ನು ಬಟ್ಟೆಗೆ ಕಾಯಂ ಅಂಟಿಸಿಬಿಟ್ಟಿದ್ದಳು. ಕಲೆ ಹೋಗದೆ ಹೆದರಿ ಬಚ್ಚಿಟ್ಟಿದ್ದಳು.

ನನಗೆ ಎಲ್ಲವೂ ಅರ್ಥವಾಯಿತು. ಆದರೂ ತುಟಿ ಪಿಟಕ್ಕೆನ್ನಲಿಲ್ಲ. ಕೆಳಗಿನ ಕೆಲಸದವರು ಲಾಬಿಯಲ್ಲಿ ಬಾಯಿ ತೆರೆಯಬಾರದು ಎಂಬುದು ನಮ್ಮಲ್ಲಿನ ನಿಯಮ. ನಿಯಮ ಪಾಲಿಸಿ, ಹಾಸನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದೆ. ಆ ಇಪ್ಪತ್ತು ಮೆಟ್ಟಿಲನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಹಾಗಾಗಿ ಈ ಮಾತುಕತೆಯಲ್ಲಿ ಮಿಕ್ಕಿದ್ದು ಏನಾದರಾಗಲಿ, ಐದು ನಿಮಿಷ ಇದನ್ನು ಹೇಳಲೇಬೇಕು ಎಂದುಕೊಂಡಿದ್ದೆ. ರಕ್ತಕ್ಕೆ ತಣ್ಣೀರು. ನಾಚಿಕೆಪಡಬೇಡಿ, ಬಚ್ಚಿಡಬೇಡಿ, ಲಾಂಡ್ರಿಯವರಿಗೆ ಇದು ದಿನಾ ಕಾಣುವ ಸಂಗತಿ. ಒಂದು ಹಾಳೆಯಲ್ಲಿ ಬರೆದುಕೊಂಡು, ಕನ್ನಡಿ ಮುಂದೆ ನಿಂತು ಒಪ್ಪಿಸಿದ್ದೆ. ನನ್ನ ಗಂಡ ಬಾಗಿಲ ಬಳಿ ನಿಂತು ಕೇಳಿಸಿಕೊಂಡು, “ಮಂತ್ರಿ ಆಗೋ ಲಕ್ಷಣ ಕಾಣ್ತಿದೆ” ಎಂದು ಕಾಲೆಳೆದಿದ್ದರು.

ಶನಿವಾರ ಒಂದು ತಾಸು ಮುಂಚೆಯೇ ಹೋದೆ. ಸಣ್ಣ ಕೋಣೆ. ಗೋಡೆಗೆಲ್ಲಾ ಸದ್ದು ಹೀರುವ ಬೂದುಬಣ್ಣದ ಸ್ಪಂಜು. ಒಂದು ಮೇಜಿನ ಮೇಲೆ, ಕೆಳಮುಖವಾಗಿ ನೇತುಹಾಕಿದ ಕ್ಯಾಮೆರಾ. ಅದರ ಪಕ್ಕದ ಮೇಜಿನ ಹಿಂದೆ ಪುಸ್ತಕದ ಕಪಾಟಿನ ಚಿತ್ರ ಅಂಟಿಸಿದ್ದರು, ಅಲ್ಲಿ ಇಸ್ತ್ರಿ ಮುರಿಯದ ಅಂಗಿಯ ಗಂಡಸೊಬ್ಬ ಕೂತು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಧ್ವನಿಯೇನೋ ಚೆನ್ನಾಗಿತ್ತು, ಜೇನು ಸುರಿದ ಹಾಗೆ. ಅವತ್ತಿನಿಂದ ನನ್ನ ಪಾಲಿಗೆ ಅವನು ಜೇನುಗಂಟಲು.

ಫೋನಿನಲ್ಲಿ ನನ್ನನ್ನು ಹೊಗಳಿದ್ದ ಸಂಯೋಜಕಿ ನನ್ನ ಹಾಳೆ ಓದಿದಳು. ಅರ್ಧಕ್ಕೆ ಬರುವಷ್ಟರಲ್ಲಿ ಮೂಗು ಮುರಿದಳು.

“ಆಂಟಿ, ನೀವು ತಪ್ಪು ತಿಳ್ಕೋಬಾರ್ದು. ಮಾತಾಡೋದು ಸರ್ ಮಾತಾಡ್ತಾರೆ. ನಿಮ್ಮ ಮಾತು ಸ್ವಲ್ಪ... ಒರಟು. ನೀವು ಕೈಯಲ್ಲಿ ಮಾಡಿ ತೋರಿಸಿ. ಕೈಯಷ್ಟೇ ಸಾಕು.”

“ಮತ್ತೆ ರಕ್ತದ ಕಲೆ ವಿಷ್ಯ?”

“ಅಯ್ಯೋ, ಹುಡುಗ್ರು ಹುಡುಗೀರು ಇಬ್ರೂ ನೋಡ್ತಿರ್ತಾರೆ. ಅದೆಲ್ಲ ಬೇಡ. ಶರ್ಟ್ ಮಡಚೋದು, ಗುಂಡಿ ಹೊಲಿಯೋದು, ಕಾಫಿ ಕಲೆ ತೆಗೆಯೋದು. ಮೂರೇ.”

“ಬಟ್ಟೆ ಮೇಲಿನ ಕಲೆಗೆ ಹುಡುಗ ಹುಡುಗಿ ಅಂತ ಇರುತ್ತಾ ಮೇಡಂ?”

ಅವಳು ಅದನ್ನು ಕಿವಿಗೆ ಹಾಕಿಕೊಳ್ಳದೆ ಫೋನು ನೋಡುತ್ತಾ ಆಚೆ ಹೋದಳು. ನಾನು ಜೇನುಗಂಟಲಿನ ಮುಂದಿದ್ದ ಹಾಳೆಗಳ ಕಡೆ ಬಗ್ಗಿದೆ. ‘ಯಾವುದೇ ಕಲೆಗೂ ಬಿಸಿನೀರೇ ಮದ್ದು’ ಎಂದಿತ್ತು.

“ಸರ್, ಯಾವುದೇ ಕಲೆಗೂ ಅನ್ಬೇಡಿ. ಕೆಲವಕ್ಕೆ ಬಿಸಿನೀರು ಹಾಕಿದ್ರೆ ಕೆಟ್ಟೇಹೋಗುತ್ತೆ.”

“ಮಕ್ಕಳಿಗೆ ಸರಳವಾಗಿ ಹೇಳ್ಬೇಕು, ಅಮ್ಮ. ಗೊಂದಲ ಮಾಡಬಾರ್ದು.”

“ನೀವು ಬಟ್ಟೆ ಒಗ್ದಿದೀರಾ?”

“ನಾನು ಹದಿನೆಂಟು ದೇಶ ಸುತ್ತಿದೀನಿ,” ಎಂದ. ಸುತ್ತಿದ ಹದಿನೆಂಟು ದೇಶದಲ್ಲೂ ಇವನ ಬಟ್ಟೆಯನ್ನು ನನ್ನಂಥವಳೇ ಒಗೆದಿರಬೇಕು.

ಎದ್ದು ಹೋಗಿಬಿಡೋಣ ಅನ್ನಿಸಿತು. ತಂಗಿ ಮಗಳು ಹತ್ತಿರ ಬಂದು ನನ್ನ ತೋಳು ಹಿಡಿದಳು. “ದೊಡ್ಡಮ್ಮ, ದಯವಿಟ್ಟು. ನಾನೇ ನಿಮ್ಮನ್ನ ಕರೆಸಿದ್ದು,” ಎಂದಳು. ಅವಳ ಮುಖ ನೋಡಿ ಕೂತೆ. ಚೀಲದಿಂದ ನನ್ನ ಸಾಮಾನು ತೆಗೆದು ಜೋಡಿಸಿದೆ. ಬಿಳಿ ಕರವಸ್ತ್ರಗಳು, ಸೂಜಿ, ದಾರ, ಸಾದಾ ಸೋಪು, ಉಪ್ಪಿನ ಡಬ್ಬಿ, ಎರಡು ಬಟ್ಟಲು. ಒಂದಕ್ಕೆ ಕೆಟಲಿನಿಂದ ಬಿಸಿನೀರು, ಇನ್ನೊಂದಕ್ಕೆ ನಲ್ಲಿಯ ತಣ್ಣೀರು. ನನ್ನ ಕಾಲರಿಗೆ ಮೈಕು ಸಿಕ್ಕಿಸಲಿಲ್ಲ. ಮಕ್ಕಳ ಪ್ರಶ್ನೆ ಬೀಳುವ ಸಣ್ಣ ಪರದೆಯೊಂದನ್ನು ಮಾತ್ರ ನಮ್ಮ ಹುಡುಗಿ ನನ್ನ ಎದುರು ತಿರುಗಿಸಿಟ್ಟಳು.

ಶುರುವಾಯಿತು. ನೂರ ಎಂಬತ್ತು ಮಕ್ಕಳು, ಹೆಸರಿನ ಬದಲು ಒಬ್ಬೊಬ್ಬರಿಗೂ ಒಂದು ಸಂಖ್ಯೆ. ಜೇನುಗಂಟಲು ಯಾವುದೋ ಬೆಟ್ಟದ ತುದಿಯಲ್ಲಿ ಸೂರ್ಯೋದಯ ನೋಡಿದ್ದನ್ನು ಹತ್ತು ನಿಮಿಷ ಎಳೆದ. ನಾನು ಅಂಗಿ ಮಡಚಿದೆ. ‘ನೋಡಿ, ನಾನು ಹೀಗೆ ಮಡಚುತ್ತೇನೆ’ ಎಂದ ಅವನು, ನನ್ನ ಕೈ ನೋಡುತ್ತಾ. ಗುಂಡಿ ಹೊಲಿದೆ. ‘ನಾನು ಯಾವಾಗಲೂ ನಾಲ್ಕು ಸುತ್ತು ಹಾಕುತ್ತೇನೆ’ ಎಂದ. ನಾನು ಹಾಕಿದ್ದು ಆರು. ಪಿತ್ತ ನೆತ್ತಿಗೇರಿತು, ಆದರೂ ತಡೆದುಕೊಂಡೆ.

ಆಗ ಪರದೆಯ ಮೇಲೆ ಪ್ರಶ್ನೆಯೊಂದು ಬಂತು. ಕೇಳಿದ್ದು ನೂರ ಹನ್ನೆರಡು. ‘ಟ್ರಿಪ್‌ನಲ್ಲಿ ಪೀರಿಯಡ್ಸ್ ಬಂದು ಹಾಸಿಗೆ ಬಟ್ಟೆಗೆ ರಕ್ತ ಆದರೆ ಏನು ಮಾಡಬೇಕು?’

ಅವನು ಗಟ್ಟಿಯಾಗಿ ಓದತೊಡಗಿ ಅರ್ಧಕ್ಕೆ ನಿಲ್ಲಿಸಿದ. ನಕ್ಕ. “ಇಂಥದ್ದನ್ನೆಲ್ಲ ಮನೇಲಿ ಅಮ್ಮನ್ನ ಕೇಳ್ಕೊಳ್ಳಿ. ನಾವು ಸಭ್ಯವಾಗಿ ಮುಂದುವರಿಯೋಣ. ಒಟ್ನಲ್ಲಿ ಯಾವ ಕಲೆಯಾದ್ರೂ ಸರಿ, ಚೆನ್ನಾಗಿ ಬಿಸಿನೀರು ಹಾಕಿ, ಹೋಗುತ್ತೆ.”

ಪರದೆಯ ತುಂಬ ಹಲ್ಲು ಕಿಸಿಯುವ ಮುಖಗಳು ಸಾಲುಗಟ್ಟಿದವು. ಅವುಗಳ ಕೆಳಗೆ ಮತ್ತೆ ನೂರ ಹನ್ನೆರಡು ಬಂತು. ‘ಸಾರಿ ಸರ್. ತಪ್ಪಾಗಿ ಕಳಿಸಿದೆ.’

ಆ ಸಾರಿ ನೋಡಿ ನನ್ನ ಮೈಯೆಲ್ಲಾ ಉರಿದುಹೋಯಿತು. ಯಾವ ಹುಡುಗಿಯೋ ಏನೋ, ಅದೇ ಪದ. ತಪ್ಪು ಹೇಳಿದವನು ಗಂಟಲು ಸರಿಮಾಡಿಕೊಂಡು ಮುಂದೆ ಹೋಗುತ್ತಾನೆ, ಸರಿಯಾಗಿ ಕೇಳಿದವಳು ಕ್ಷಮೆ ಕೇಳಬೇಕು! ನನಗೆ ಮೈಕಿಲ್ಲ. ಕೂಗಿದರೆ ನನ್ನ ದನಿಯನ್ನು ಆ ಗೋಡೆಯ ಸ್ಪಂಜು ನುಂಗುತ್ತಿತ್ತು. ಆದರೆ ಕೈಯಷ್ಟೇ ಸಾಕು ಎಂದವರು ಅವರೇ ತಾನೆ?

ಗುಂಡಿ ಹೊಲಿದ ಸೂಜಿ ಇನ್ನೂ ಕೈಯಲ್ಲೇ ಇತ್ತು. ಎಡಗೈಯ ಉಂಗುರದ ಬೆರಳಿನ ತುದಿಗೆ ಚುಚ್ಚಿಕೊಂಡೆ. ಬೆರಳು ಹಿಚುಕಿ ಎರಡು ಬಿಳಿ ಕರವಸ್ತ್ರಗಳ ಮೇಲೆ ಒಂದೊಂದು ಹನಿ ಬೀಳಿಸಿದೆ. ಕ್ಯಾಮೆರಾದ ಕೆಳಗೆ ಅಷ್ಟು ಬೆಳಕಿನಲ್ಲಿ ಎರಡೂ ಕೆಂಪಗೆ ಹರಡಿಕೊಂಡವು. ಒಂದನ್ನು ಹಬೆಯಾಡುವ ಬಟ್ಟಲಿನ ಮೇಲೆ ಹಿಡಿದು, ಪಕ್ಕದ ಮೇಜಿನ ಕಡೆ ಬೆರಳು ತೋರಿಸಿ, ಅವನು ಹೇಳಿದಂತೆಯೇ ಬಿಸಿನೀರಿನಲ್ಲಿ ಅದ್ದಿ ಉಜ್ಜಿದೆ. ಇನ್ನೊಂದನ್ನು ತಣ್ಣೀರಿನಲ್ಲಿ ಅದ್ದಿ, ಸೋಪು ಸವರಿ, ಮೆಲ್ಲಗೆ ಹಿಂಡಿ, ಮತ್ತೆ ಅದ್ದಿದೆ.

ಜೇನುಗಂಟಲು ತನ್ನ ಪರದೆ ನೋಡಿ ತೊದಲಿದ. “ಈಗ... ಒಂದು ಸಣ್ಣ ತಾಂತ್ರಿಕ ತೊಂದರೆ...”

ಸಂಯೋಜಕಿ ಬಾಗಿಲಿನಿಂದ ಓಡಿಬಂದು ನಮ್ಮ ಹುಡುಗಿಯ ಕಿವಿಯಲ್ಲಿ, “ಮೇಲಿನ ಕ್ಯಾಮೆರಾ ಕಟ್ ಮಾಡು!” ಎಂದಳು. ಹುಡುಗಿ ನನ್ನತ್ತ ನೋಡಿದಳು. ಅವಳ ಕೆಲಸಕ್ಕೆ ನಾನೇ ಕಲ್ಲು ಹಾಕುತ್ತಿದ್ದೇನೆಂದು ನನ್ನ ಜೀವ ಹೊಡೆದುಕೊಳ್ಳುತ್ತಿತ್ತು. ಅವಳು ಹತ್ತು ಬೆರಳನ್ನೂ ಗುಂಡಿಗಳ ಮೇಲಿಟ್ಟು, ಒಂದನ್ನೂ ಒತ್ತದೆ, “ಆಗ್ತಿಲ್ಲ ಮೇಡಂ, ಬಟನ್ ಹಿಡ್ಕೊಂಡ್ಬಿಟ್ಟಿದೆ,” ಎಂದಳು.

ಎರಡು ಕರವಸ್ತ್ರವನ್ನೂ ಎತ್ತಿ ಹಿಡಿದೆ. ಒಂದು ಬೆಳ್ಳಗೆ. ಇನ್ನೊಂದರ ನಡುವೆ ಕಂದು ಕಲೆ, ಲಾಬಿಯಲ್ಲಿ ನಾನು ಮಡಚಿಟ್ಟುಕೊಂಡ ಅದೇ ಬಣ್ಣ.

ಪರದೆಯ ಮೇಲೆ ಈ ಸಲ ಒಂದು ಹಲ್ಲೂ ಕಾಣಲಿಲ್ಲ. ಆಮೇಲೆ ನಲವತ್ತಾರು ಕೇಳಿತು, ‘ಯಾವ ಸೋಪು?’ ನಾನು ಮೈಗೆ ಹಚ್ಚುವ ಆ ಸಾದಾ ಸೋಪನ್ನು ಎತ್ತಿ ತೋರಿಸಿದೆ. ‘ಮೂಗಲ್ಲಿ ರಕ್ತ ಬಂದು ನನ್ನ ಶರ್ಟಿಗೆ ಆಗಿತ್ತು, ಅದಕ್ಕೂ ಇದೇನಾ?’ ಎಂದಿತು ಎಂಟು, ಹುಡುಗನೇ ಇರಬೇಕು. ಹೌದೆಂದು ಹೆಬ್ಬೆರಳೆತ್ತಿದೆ. ಸರ್ ಅನ್ನು ಯಾರೂ ಏನೂ ಕೇಳಲಿಲ್ಲ. ಕಟ್ಟಕಡೆಗೆ ನೂರ ಹನ್ನೆರಡು ಬಂತು. ‘ಒಣಗಿಹೋಗಿದ್ದರೆ?’

ಈ ಸಲ ಸಾರಿ ಇರಲಿಲ್ಲ. ನನ್ನ ಕಣ್ಣು ಮಂಜಾಯಿತು. ತಣ್ಣೀರಿಗೆ ಒಂದು ಹಿಡಿ ಉಪ್ಪು ಸುರಿದು, ಕೈಗಡಿಯಾರ ತಟ್ಟಿ, ಒಂದು ಬೆರಳು ತೋರಿಸಿದೆ. ಒಂದು ತಾಸು ನೆನೆಸು. ಅರ್ಥವಾಯಿತು ಎಂದು ಬರೆದಳು.

ಮುಗಿದ ಮೇಲೆ ಸಂಯೋಜಕಿ ಕೆಂಡವಾಗಿದ್ದಳು. “ಇನ್ನೊಂದ್ಸಲ ನಿಮ್ಮನ್ನ ಇಲ್ಲಿಗೆ ಕರೆಯಲ್ಲ. ರೆಕಾರ್ಡಿಂಗಿಂದ ಅಷ್ಟನ್ನೂ ಕತ್ತರಿಸಿ ಹಾಕ್ತೀವಿ.”

“ಕತ್ತರಿಸಿ. ಆಗಲೇ ನೋಡಿದವರ ಕಣ್ಣನ್ನ ಏನ್ಮಾಡ್ತೀರಿ?” ಎಂದೆ. ಒರಟಾಗಿಯೇ ಎಂದೆ.

ಬಟ್ಟಲು ಒರೆಸಿ, ಸಾಮಾನು ಚೀಲಕ್ಕೆ ತುಂಬಿದೆ. ಬಿಳಿ ಕರವಸ್ತ್ರವನ್ನು ಮಡಚಿಟ್ಟುಕೊಂಡೆ. ಬಿಸಿನೀರಿನದನ್ನು ಜೇನುಗಂಟಲಿನ ಮುಂದೆ, ಅವನ ಹಾಳೆಗಳ ಮೇಲೆ ಸುಕ್ಕಿಲ್ಲದಂತೆ ಹರವಿದೆ. ಅವನು ಕುರ್ಚಿಯನ್ನು ಹಿಂದಕ್ಕೆ ಸರಿಸಿ, “ಏನಿದು?” ಎಂದ.

“ನಿಮ್ಮ ಪಾಠ, ಸರ್. ಇಟ್ಕೊಳ್ಳಿ. ಇನ್ನು ಅದು ಹೋಗಲ್ಲ.”