ತಾರಸಿಯ ಮೇಲೆ ಹನ್ನೊಂದು ನಿಮಿಷ

ಪೊಲೀಸ್ ಹೆಲಿಕಾಪ್ಟರ್ ಇಳಿದಾಗಲೆಲ್ಲ ಅದರ ಕ್ಯಾಮೆರಾದಿಂದ ವಿಡಿಯೊ ತೆಗೆದು, ಪೂರ್ತಿ ನೋಡಿ, ತಾರೀಖು ಹಚ್ಚಿ ಇಡುವುದು ಅವಳ ಕೆಲಸ. ಹ್ಯಾಂಗರಿನ ಪಕ್ಕದ ಕಿಟಕಿಯಿಲ್ಲದ ಕೋಣೆಯಲ್ಲಿ ಎರಡು ಪರದೆ, ಕಾಲು ಅಲ್ಲಾಡುವ ಒಂದು ಕುರ್ಚಿ. ಎಂಟು ವರ್ಷದಿಂದ ಆ ಕತ್ತಲಲ್ಲಿ ಕಣ್ಣರಳಿಸಿ ಕೂತವಳಿಗೆ ಎಲ್ಲರೂ ಸೇರಿ ‘ಗೂಬಕ್ಕ’ ಎಂದು ಹೆಸರಿಟ್ಟಿದ್ದರು. ಅವಳೂ ನಕ್ಕು ಓಗೊಡುತ್ತಿದ್ದಳು.

ಆ ವಾರ ಇಲಾಖೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಸುದ್ದಿ. ಮರೆವಿನ ಕಾಯಿಲೆಯ ಮುದುಕರೊಬ್ಬರು ಬೆಳಿಗ್ಗೆ ಮನೆಯಿಂದ ಹೊರಟು ಕಾಣೆಯಾಗಿದ್ದರು. ಕೆರೆಯಂಚಿನ ಜೊಂಡಿನಲ್ಲಿ ಸೊಂಟದವರೆಗೆ ಕೆಸರಲ್ಲಿ ಹೂತಿದ್ದವರನ್ನು ಹೆಲಿಕಾಪ್ಟರ್ ಪತ್ತೆ ಮಾಡಿತ್ತು. ಜೀವ ಉಳಿದಿತ್ತು. ಪೈಲಟ್‌ಗೂ ಕ್ಯಾಮೆರಾದವನಿಗೂ ಪದಕ ಕೊಡುವುದೆಂದಾಗಿತ್ತು. ಸಮಾರಂಭದಲ್ಲಿ ತೋರಿಸಲು ಎರಡು ನಿಮಿಷದ ತುಣುಕು ಬೇಕೆಂದು ಅಧಿಕಾರಿ ಗೂಬಕ್ಕನಿಗೆ ಹೇಳಿದ.

ಅವಳು ಮೊದಲಿನಿಂದ ನೋಡಿದಳು. ಹಾರಿ ಸ್ವಲ್ಪ ಹೊತ್ತಿಗೇ ಹೆಲಿಕಾಪ್ಟರ್ ಕೆರೆಯ ದಾರಿ ಬಿಟ್ಟು ಒಂದು ಮನೆಯ ಮೇಲೆ ನಿಂತಿತು. ತಾರಸಿಯಲ್ಲಿ ಆಗಷ್ಟೇ ಸ್ನಾನ ಮಾಡಿದ ಹೆಂಗಸೊಬ್ಬಳು ಟವೆಲು ಸುತ್ತಿಕೊಂಡು ಬೆನ್ನಿಗೆ ಬಿಸಿಲು ಕಾಯಿಸುತ್ತಿದ್ದಳು. ಕ್ಯಾಮೆರಾ ಹತ್ತಿರ ಹೋಯಿತು. ಇನ್ನೂ ಹತ್ತಿರ.

“ತಿರುಗಮ್ಮಾ ತಾಯಿ, ಸ್ವಲ್ಪ ಈ ಕಡೆ,” ಎಂದಿತು ಕ್ಯಾಮೆರಾದವನ ದನಿ. ಪೈಲಟ್ ಕಿಸಕ್ಕನೆ ನಕ್ಕ.

ಮೂಲೆಯಲ್ಲಿ ಆಡುತ್ತಿದ್ದ ಮಗು ಮೇಲೆ ನೋಡಿ ಕೈ ಬೀಸಿತು. ಹೆಂಗಸು ಬೆದರಿ ಅದನ್ನು ಬಾಚಿಕೊಂಡು ಒಳಗೋಡಿದಳು. ಆದರೂ ಅವರು ಹೋಗಲಿಲ್ಲ. ಮತ್ತೆ ಹೊರಗೆ ಬಂದಾಳು ಎಂದು ಸುತ್ತು ಹಾಕುತ್ತಲೇ ಇದ್ದರು. ಒಟ್ಟು ಹನ್ನೊಂದು ನಿಮಿಷ. ಅಷ್ಟು ಹೊತ್ತೂ ಮುದುಕರು ಕೆಸರಿನಲ್ಲಿದ್ದರು.

ಗೂಬಕ್ಕನಿಗೆ ಅವರ ಮೇಲಷ್ಟೇ ಅಲ್ಲ, ತನ್ನ ಮೇಲೂ ಹೇಸಿಗೆಯಾಯಿತು. ಕ್ಯಾಂಟೀನಿನಲ್ಲಿ ಇಂಥ ‘ತಾರಸಿ ತಮಾಷೆ’ಗಳು ಹಿಂದೆಯೂ ಅವಳ ಕಿವಿಗೆ ಬಿದ್ದಿದ್ದವು. ಆಗೆಲ್ಲ ಕೇಳದವಳಂತೆ ಚಹಾ ಊದಿ ಕುಡಿದಿದ್ದಳು.

ಅಧಿಕಾರಿಯನ್ನು ಕರೆದು ತೋರಿಸಿದಳು.

“ಅದನ್ನ ಕತ್ತರಿಸಮ್ಮ. ಮುದುಕ ಬದುಕಿದಾನಲ್ಲ, ಇನ್ನೇನು?”

“ಆ ಹೆಂಗಸು, ಸರ್?”

“ಅವಳಿಗೆ ಗೊತ್ತೇ ಇಲ್ವಲ್ಲ. ನೀನ್ಯಾಕೆ ಇಲ್ಲದ ಗಲಾಟೆ ಎಬ್ಬಿಸ್ತೀಯಾ?” ಬಾಗಿಲವರೆಗೆ ಹೋದವನು ತಿರುಗಿ, ಜೇಬಿನಿಂದ ಪೆನ್‌ಡ್ರೈವ್ ತೆಗೆದ. “ಕತ್ತರಿಸಿದ್ದನ್ನ ಇದಕ್ಕೆ ಹಾಕಿಡು. ದಾಖಲೆಗಿರಲಿ.”

ಅವಳು ಕತ್ತರಿಸಲಿಲ್ಲ. ಆ ಮನೆಯಿರುವ ಜಾಗದ ಗುರುತು ವಿಡಿಯೊದ ಮೂಲೆಯಲ್ಲೇ ದಾಖಲಾಗಿತ್ತು. ಸಂಜೆ ಹುಡುಕಿಕೊಂಡು ಹೋಗಿ ಬಾಗಿಲು ತಟ್ಟಿದಳು. ಮಗುವನ್ನು ಸೊಂಟಕ್ಕೇರಿಸಿಕೊಂಡ ಹೆಂಗಸು ಬಂದಳು. ಹೆಲಿಕಾಪ್ಟರ್ ವಿಭಾಗದವಳೆಂದು ಕೇಳಿದ್ದೇ ಅವಳ ಮುಖ ಅರಳಿತು.

“ಅವತ್ತಿನ ಕಳ್ಳ ಸಿಕ್ಕಿದ್ನಾ ಮೇಡಂ? ನಾನೂ ಮಗೂನೂ ಚಿಲಕ ಹಾಕ್ಕೊಂಡು ಮಂಚದ ಕೆಳಗೆ ಕೂತಿದ್ವಿ. ಮೇಲೆ ನೀವೆಲ್ಲ ಇದ್ರಲ್ಲ, ಅದೇ ಧೈರ್ಯ.”

“ಕಳ್ಳ ಇರ್ಲಿಲ್ಲಮ್ಮ,” ಎಂದಳು ಗೂಬಕ್ಕ. ಉಳಿದದ್ದನ್ನು ಹೇಳುವಾಗ ನೆಲ ನೋಡುತ್ತಿದ್ದಳು.

ಹೆಂಗಸು ಮಗುವನ್ನು ಕೆಳಗಿಳಿಸಿ, ಸೆರಗನ್ನು ಹೆಗಲ ತುಂಬ ಹೊದ್ದುಕೊಂಡಳು. “ದೂರು ಎಲ್ಲಿ ಬರ್ಕೊಡ್ಬೇಕು, ಹೇಳಿ,” ಎಂದಳು.

ದೂರಿನ ವಿಚಾರಣೆಗೆ ಮೂವರು ಹಿರಿಯ ಅಧಿಕಾರಿಗಳು ಬಂದರು. ವಿಡಿಯೊ ಹಾಕುವ ಕೆಲಸ ಗೂಬಕ್ಕನದೇ. ಒಮ್ಮೆ ನೋಡಿದರು. “ಸರಿಯಾಗಿ ಕಾಣ್ಲಿಲ್ಲ, ಇನ್ನೊಂದ್ಸಲ ಹಾಕಿ,” ಎಂದರು. ಮೂರನೆಯ ಸಲ ಒಬ್ಬ ಕನ್ನಡಕ ಒರೆಸಿ ಹಾಕಿಕೊಂಡು ಕುರ್ಚಿಯನ್ನು ಮುಂದೆಳೆದ.

“ಹಾಂ, ಅಲ್ಲಿ ನಿಲ್ಸಿ. ಸ್ವಲ್ಪ ದೊಡ್ಡದು ಮಾಡಿ.”

ಅವಳು ಪರದೆಯ ವೈರು ಕಿತ್ತಳು.

“ಏನಮ್ಮ ಇದು?”

“ನೋಡಿದ್ದು ಸಾಕು ಸರ್. ಅವರಿಬ್ಬರ ಮಾತು ಕೇಳಿ. ಅದಕ್ಕೆ ಚಿತ್ರ ಬೇಕಾಗಲ್ಲ.”

ಕಪ್ಪು ಪರದೆಯ ಮುಂದೆ ಹನ್ನೊಂದು ನಿಮಿಷದ ಮಾತು, ನಗು ಎಲ್ಲ ಕೇಳಿಸಿದಳು. ಮೂವರೂ ಮೇಜು ನೋಡುತ್ತ ಕೂತರು.

ಪದಕ ರದ್ದಾಯಿತು. ಕ್ಯಾಮೆರಾದವನನ್ನು ಹಾರಾಟದಿಂದ ತೆಗೆದರು, ಪೈಲಟ್‌ಗೆ ಮೂರು ತಿಂಗಳು ಅಮಾನತು. ಪೆನ್‌ಡ್ರೈವಿನ ಅಧಿಕಾರಿಯ ಕೂದಲೂ ಕೊಂಕಲಿಲ್ಲ. ಗೂಬಕ್ಕನನ್ನು, ಹಿರಿಯರ ಮುಂದೆ ಉದ್ಧಟತನ ತೋರಿದ್ದಕ್ಕೆ, ಸಮವಸ್ತ್ರದ ಗೋದಾಮಿಗೆ ಹಾಕಿದರು.

“ನಿನಗ್ಯಾಕೆ ಬೇಕಿತ್ತು ಈ ಉಸಾಬರಿ?” ಎಂದ ಗಂಡ.

“ವಾಕರಿಕೆ ಬರ್ತಿತ್ತು ರೀ.”

“ಈಗ ಹೋಯ್ತಾ?”

“ಇಲ್ಲ,” ಎಂದಳು. “ಆದ್ರೆ ನನ್ನ ಮೇಲೇ ನನಗೆ ಬರ್ತಿದ್ದದ್ದು ಕಮ್ಮಿಯಾಗಿದೆ.”